ಹಳೆಯ ಮಿಲಿಟರಿ ಲಾರಿಯೂ ನಮ್ಮ ಯಂತ್ರವಿದ್ಯೆಯೂ

ಪ್ರಾಚೀನ ದೇವಾಲಯವೊಂದು ಶಿಥಿಲವಾದರೆ ಅದನ್ನು ಉಳಿಸಬೇಕೆಂದು ಹೇಳುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ತಾಳೆಯೋಲೆಯ ಗ್ರಂಥಕ್ಕೆ ಹುಳು ಹಿಡಿದರೆ ಮರುಗುವವರೂ ಇದ್ದಾರೆ. ಆದರೆ ಹಳೆಯ ಲಾರಿಯೊಂದು ಗುಜರಿಗೆ ಹೋದರೆ ಅಯ್ಯೋ ಎನ್ನುವವರು ವಿರಳ. ಲಾರಿಯೆಂಬುದು ದುಡಿಯುವ ವಸ್ತು. ದುಡಿಯುವ ಶಕ್ತಿ ಉಡುಗಿದ ಮೇಲೆ ಅದು ಬರಿಯ ಕಬ್ಬಿಣ ಎಂಬುದು ಸಾಮಾನ್ಯವಾದ ಅಭಿಪ್ರಾಯ. ಈ ಅಭಿಪ್ರಾಯ ಸರಿಯಲ್ಲವೆಂದೂ, ಸೈನ್ಯದಿಂದ ಬಿಡುಗಡೆಯಾದ ಹಳೆಯ ಲಾರಿಗಳಲ್ಲಿ ಕೆಲವನ್ನಾದರೂ ಓಡುವ ಸ್ಥಿತಿಯಲ್ಲಿಯೇ ಉಳಿಸಿಕೊಳ್ಳುವುದು ವಿಜ್ಞಾನದ ವಿದ್ಯಾರ್ಥಿಗಳ ಹಿತದೃಷ್ಟಿಯಿಂದಲೇ ಅಗತ್ಯವೆಂದೂ ನಾವು ಇಲ್ಲಿ ವಾದಿಸಬಯಸುತ್ತೇವೆ.

ದಂಡಿನಿಂದ ಪೇಟೆಗೆ

ಎರಡನೆಯ ಮಹಾಯುದ್ಧದಲ್ಲಿ ಸೈನಿಕರಷ್ಟೇ ಲಾರಿಗಳೂ ದುಡಿದವು. ಮೂರು ಅಚ್ಚುಗಳಿಗೂ ಎಂಜಿನ್ನಿನ ಶಕ್ತಿ ದೊರೆಯುವ ಎರಡೂವರೆ ಟನ್ನಿನ ಲಾರಿಗಳನ್ನು ಅಮೆರಿಕದ ಜಿ.ಎಂ.ಸಿ. ಸಂಸ್ಥೆಯು ಐದು ಲಕ್ಷಕ್ಕೂ ಮೀರಿ ತಯಾರಿಸಿತು. ವಿಲ್ಲಿಸ್ ಮತ್ತು ಫೋರ್ಡ್ ಸಂಸ್ಥೆಗಳೆರಡೂ ಸೇರಿ ಸುಮಾರು 6.4 ಲಕ್ಷ ಜೀಪುಗಳನ್ನು ಮಾಡಿದವು. ಕೆನಡಾ ದೇಶವೊಂದೇ 8 ಲಕ್ಷಕ್ಕೂ ಹೆಚ್ಚು ಸೇನಾ ವಾಹನಗಳನ್ನು ಒದಗಿಸಿತು. ಅವುಗಳಲ್ಲಿ ಚಾಲಕನ ಚಕ್ರ ಬಲಗಡೆಗಿದ್ದ ಷೆವ್ರೊಲೆ ಮತ್ತು ಫೋರ್ಡ್ ಲಾರಿಗಳು ಬ್ರಿಟಿಷ್ ಇಂಡಿಯಾದ ಸೈನ್ಯಕ್ಕೂ ಬಂದವು. ಅವುಗಳ ಮುಂಗನ್ನಡಿ ಕೆಳಗಡೆ ಒಳಕ್ಕೆ ಸರಿದು, ಮೇಲಂಚು ಮುಂದಕ್ಕೆ ಚಾಚಿರುತ್ತಿತ್ತು. ಬಿಸಿಲು ಕನ್ನಡಿಯಲ್ಲಿ ಹೊಳೆದು ಶತ್ರುವಿಮಾನಗಳಿಗೆ ಸುಳಿವು ಸಿಗಬಾರದೆಂಬುದೇ ಈ ಆಕಾರದ ಉದ್ದೇಶವಾಗಿತ್ತು.

ಬೆಂಗಳೂರಿಗೆ ಈ ಯುದ್ಧದೊಡನೆ ನಿಕಟವಾದ ಸಂಬಂಧವಿತ್ತು. 1949ರವರೆಗೂ ನಮ್ಮ ಊರು ಆಡಳಿತದಲ್ಲಿ ಎರಡು ಭಾಗ. ಒಂದು ಕಡೆ ದಂಡು, ಇನ್ನೊಂದು ಕಡೆ ಪೇಟೆ ಮತ್ತು ಬಡಾವಣೆಗಳು. 1940ರಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ವಿಮಾನ ಕಾರ್ಖಾನೆಯನ್ನು 1943ರಲ್ಲಿ ಅಮೆರಿಕದ ವಾಯುಸೇನೆಯು ತನ್ನ ದುರಸ್ತಿ ಕೇಂದ್ರವಾಗಿ ಬಳಸಿಕೊಂಡಿತು. ಯುದ್ಧ ಮುಗಿದ ಮೇಲೆ, ಭಾರತದಲ್ಲಿ ಉಳಿದಿದ್ದ ಅಮೆರಿಕದ ಹೆಚ್ಚುವರಿ ಸಾಮಗ್ರಿಯನ್ನು ಕುರಿತು 1946ರಲ್ಲಿ ಎರಡು ಸರ್ಕಾರಗಳ ನಡುವೆ ಒಪ್ಪಂದವಾಯಿತು. ಸೈನ್ಯಕ್ಕೆ ಬೇಡವಾದ ವಾಹನಗಳು ಹರಾಜಿಗೆ ಬಂದವು. ಜನ ಅವನ್ನು ‘ಡಿಸ್ಪೋಸಲ್ ಲಾರಿ’ಗಳೆಂದರು. ಹೊಸ ವಾಹನ ದುರ್ಲಭವಾಗಿದ್ದ ಆ ಕಾಲದಲ್ಲಿ, ಮದ್ದುಗುಂಡು ಹೊತ್ತ ಲಾರಿಗಳು ಮರದ ಮೈಕಟ್ಟು ತೊಟ್ಟು ಬಸ್ಸುಗಳಾದವು. ದಿಮ್ಮಿ, ಕಲ್ಲು, ಅಕ್ಕಿಮೂಟೆಗಳನ್ನು ಸಾಗಿಸಿದವು.

ಇಲ್ಲಿ ಒಂದು ಅಂಶವನ್ನು ವಾಚಕರು ಗಮನಿಸಬೇಕು. ಮೈಸೂರು ಸಂಸ್ಥಾನದಲ್ಲಿ ಮೋಟಾರು ಕಾರ್ಖಾನೆಯೊಂದು ಆಗಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಬಹಳ ಶ್ರಮಿಸಿದರು, ಅದು ಕೈಗೂಡಲಿಲ್ಲ. ಆದಕಾರಣ ಬೆಂಗಳೂರಿನ ಜನ ಮೋಟಾರು ವಿದ್ಯೆಯನ್ನು ಕಲಿತದ್ದು ತಯಾರಿಕೆಯಿಂದಲ್ಲ, ದುರಸ್ತಿಯಿಂದ. ಚಾಮರಾಜಪೇಟೆಯ ಮಗ್ಗುಲಿನ ಕಲಾಸಿಪಾಳ್ಯ, ಬಸವನಗುಡಿಯ ಕಡೆಗೆ ಸಾಗುವ ಜಯಚಾಮರಾಜೇಂದ್ರ ರಸ್ತೆ, ಇವುಗಳ ಗ್ಯಾರೇಜು, ಲೇತು, ಬಿಡಿಭಾಗದ ಅಂಗಡಿಗಳೇ ನಮ್ಮ ಜನಸಾಮಾನ್ಯರ ಮೋಟಾರು ವಿದ್ಯಾಲಯಗಳು. ಪಠ್ಯಪುಸ್ತಕವಾಗಲಿ ಪ್ರಮಾಣಪತ್ರವಾಗಲಿ ಇಲ್ಲದ ಈ ವಿದ್ಯಾಲಯಗಳಲ್ಲಿ ಬಿಚ್ಚಿ ಜೋಡಿಸುವುದೇ ಪಾಠ, ವಾಹನ ಹೊರಟು ಹೋಗುವುದೇ ಪರೀಕ್ಷೆ.

ಯುದ್ಧಕಾಲದ ಲಾರಿಗಳ ತರುವಾಯ ನಮ್ಮ ದೇಶದಲ್ಲಿಯೇ ಮಾಡಿದ ಸೇನಾ ವಾಹನಗಳು ಬಂದವು. ಜರ್ಮನಿಯ ಎಂ.ಎ.ಎನ್. ಸಂಸ್ಥೆಯ ವಿನ್ಯಾಸದಂತೆ ‘ಶಕ್ತಿಮಾನ್’ ಲಾರಿಯು 1959ರಿಂದ 1996ರವರೆಗೆ ಜಬ್ಬಲಪುರದಲ್ಲಿ ತಯಾರಾಯಿತು. ಜಪಾನಿನ ನಿಸ್ಸಾನ್ ಸಂಸ್ಥೆಯ ವಿನ್ಯಾಸವನ್ನು ಅನುಸರಿಸಿದ ‘ಜೋಂಗಾ’ ವಾಹನದ ತಯಾರಿಕೆಯು 1999ರಲ್ಲಿ ನಿಂತಿತು. ಈಗ ಇವೂ ಹಳೆಯವು.

ಲಾರಿ ಕಲಿಸುವ ಪಾಠಗಳು

ಹಳೆಯ ಲಾರಿಯಿಂದ ವಿದ್ಯಾರ್ಥಿ ಕಲಿಯುವುದೇನು? ಕೆಲವು ಉದಾಹರಣೆಗಳನ್ನು ನೋಡೋಣ.

ಮೊದಲನೆಯದು ಬೇರಿಂಗು. ಕೆನಡಾದ ಷೆವ್ರೊಲೆ ಲಾರಿಯ ಆರು ಸಿಲಿಂಡರಿನ ಎಂಜಿನ್ನಿನಲ್ಲಿ ಪಿಸ್ಟನ್ ದಂಡಗಳ ಬುಡದ ಬೇರಿಂಗುಗಳನ್ನು ಬ್ಯಾಬಿಟ್ ಲೋಹದಿಂದ ಎರಕ ಹೊಯ್ದು ಮಾಡಿರುತ್ತಾರೆ. ತವರ, ಆಂಟಿಮನಿ, ತಾಮ್ರಗಳ ಈ ಮಿಶ್ರಲೋಹಕ್ಕೆ ಐಸಾಕ್ ಬ್ಯಾಬಿಟ್ 1839ರಲ್ಲಿ ಪೇಟೆಂಟು ಪಡೆದನು. ಇದು ಮೃದುವಾದದ್ದು. ಎಣ್ಣೆಯಲ್ಲಿ ತೇಲಿಬಂದ ಮರಳಿನ ಕಣವು ಈ ಲೋಹದಲ್ಲಿ ಹೂತುಹೋಗುತ್ತದೆ. ಬೆಲೆಬಾಳುವ ಉಕ್ಕಿನ ಕ್ರ್ಯಾಂಕ್ ಷಾಫ್ಟಿಗೆ ಗೀರು ಬೀಳುವುದಿಲ್ಲ. ಎಣ್ಣೆ ತೀರಿಹೋದರೆ ಸುಮಾರು 240 ಡಿಗ್ರಿ ಸೆಂಟಿಗ್ರೇಡಿನಲ್ಲಿ ಬೇರಿಂಗು ತಾನೇ ಕರಗಿ, ಷಾಫ್ಟನ್ನು ಉಳಿಸುತ್ತದೆ. ಅಷ್ಟು ಕಡಿಮೆ ಶಾಖದಲ್ಲಿ ಕರಗುವುದರಿಂದಲೇ ಸಣ್ಣ ಗ್ಯಾರೇಜಿನಲ್ಲಿಯೂ ಅದನ್ನು ಕುಲುಮೆಯ ಮೇಲೆ ಕಾಯಿಸಿ ಹೊಸದಾಗಿ ಹೊಯ್ಯಬಹುದು. ಜಿ.ಎಂ.ಸಿ. ಲಾರಿಯ ಎಂಜಿನ್ನಾದರೋ ಸಿದ್ಧಪಡಿಸಿದ ತೆಳುಚಿಪ್ಪಿನ ಬೇರಿಂಗುಗಳನ್ನು ಹೊಂದಿತ್ತು. ಅದಕ್ಕೆ ಪಂಪು ಒತ್ತಿ ಎಣ್ಣೆ ಕಳುಹಿಸುತ್ತಿತ್ತು. ಷೆವ್ರೊಲೆಯಲ್ಲಿ ದಂಡದ ಬುಡದ ಪುಟ್ಟ ಸೌಟಿನಂಥ ಭಾಗವು ತೊಟ್ಟಿಯ ಎಣ್ಣೆಯನ್ನು ಮೊಗೆದುಕೊಳ್ಳುತ್ತಿತ್ತು. ವಿನ್ಯಾಸದಲ್ಲಿ ಮೊದಲನೆಯದು ಮೇಲು. ಬಿಡಿಭಾಗ ದೊರೆಯದ ಊರಿನಲ್ಲಿ ದುರಸ್ತಿಗೆ ಎರಡನೆಯದು ಅನುಕೂಲ. ‘ಒಳ್ಳೆಯ ಯಂತ್ರ ಯಾವುದು?’ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲವೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಕಷ್ಟ.

ಎರಡನೆಯದು ವಿದ್ಯುತ್ತು. ಯುದ್ಧಕಾಲದ ಈ ಲಾರಿಗಳ ಬ್ಯಾಟರಿ ಸಾಮಾನ್ಯವಾಗಿ 6 ವೋಲ್ಟಿನದು. ಎಂಜಿನ್ನನ್ನು ತಿರುಗಿಸಲು 1000 ವ್ಯಾಟ್ ಬೇಕೆಂದುಕೊಳ್ಳೋಣ. 12 ವೋಲ್ಟಿನ ವಾಹನದಲ್ಲಿ ಸುಮಾರು 83 ಆಂಪಿಯರ್ ಪ್ರವಾಹ ಸಾಕು. 6 ವೋಲ್ಟಿನದಕ್ಕೆ ಸುಮಾರು 167 ಆಂಪಿಯರ್ ಬೇಕು. ತುಕ್ಕು ಹಿಡಿದ ಒಂದು ಸಂದಿನಲ್ಲಿ ನೂರರಲ್ಲೊಂದು ಓಮ್ ಮಾತ್ರ ರೋಧವಿದ್ದರೂ ಅಲ್ಲಿ ಸುಮಾರು 1.7 ವೋಲ್ಟ್ ವ್ಯರ್ಥವಾಗುತ್ತದೆ. ಅಂದರೆ ಆರರಲ್ಲಿ ಕಾಲುಭಾಗಕ್ಕೂ ಹೆಚ್ಚು. 12 ವೋಲ್ಟಿನ ವಾಹನದಲ್ಲಿ ಅದೇ ತುಕ್ಕಿನಿಂದಾಗುವ ನಷ್ಟ ಶೇಕಡ 7ರಷ್ಟು. ಬ್ಯಾಟರಿ ಹೊಸದಾಗಿದ್ದರೂ ಲಾರಿ ಏಳದಿದ್ದರೆ, ಅನುಭವಸ್ಥನಾದ ಮೆಕ್ಯಾನಿಕನು ಮೊದಲು ಚಾಸಿಗೆ ಸೇರುವ ಅರ್ತ್ ಪಟ್ಟಿಯ ಬುಡವನ್ನು ಕೆರೆದು ನೋಡುವುದು ಇದಕ್ಕಾಗಿಯೇ. ಅವನು ಓಮನ ನಿಯಮವನ್ನು ಬಾಯಲ್ಲಿ ಹೇಳಲಾರದೆ ಇರಬಹುದು, ಕೈಯಲ್ಲಿ ಬಲ್ಲನು. ನಮ್ಮ ವಿದ್ಯಾರ್ಥಿಯು ಬಾಯಲ್ಲಿ ಹೇಳಬಲ್ಲನು. ಕೈಗೆ ಅದಿನ್ನೂ ಇಳಿದಿಲ್ಲ.

ಮೂರನೆಯದು ನಟ್ಟು ಬೋಲ್ಟುಗಳು. ಬ್ರಿಟಿಷರ ವಾಹನಗಳು 1841ರಷ್ಟು ಹಿಂದಿನ ವಿಟ್‌ವರ್ತ್ ಪದ್ಧತಿಯನ್ನು ಅನುಸರಿಸುತ್ತಿದ್ದವು. ಅದರಲ್ಲಿ ತಿರುಪಿನ ಸುತ್ತುಗಳ ಕೋನ 55 ಡಿಗ್ರಿ. ಅಮೆರಿಕದ ಪದ್ಧತಿಯಲ್ಲಿ 60 ಡಿಗ್ರಿ. ಅರ್ಧ ಅಂಗುಲದ ವಿಟ್‌ವರ್ತ್ ಬೋಲ್ಟಿಗೆ ಅಂಗುಲಕ್ಕೆ 12 ಸುತ್ತು, ಅಮೆರಿಕದ್ದಕ್ಕೆ 13 ಸುತ್ತು. ಒಂದರ ನಟ್ಟು ಇನ್ನೊಂದಕ್ಕೆ ಸ್ವಲ್ಪ ದೂರ ಹೋಗಿ ಕಚ್ಚಿಕೊಳ್ಳುತ್ತದೆ. ಬಲವಂತ ಮಾಡಿದರೆ ಸುತ್ತುಗಳೇ ಕಿತ್ತುಬರುತ್ತವೆ. ಮಿತ್ರರಾಷ್ಟ್ರಗಳ ಸೈನ್ಯಗಳು ಯುದ್ಧದುದ್ದಕ್ಕೂ ಈ ಗೋಳನ್ನು ಅನುಭವಿಸಿದವು. ಕೊನೆಗೆ 1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಾಗಳು ಏಕರೂಪದ ತಿರುಪಿಗೆ ಒಪ್ಪಿಕೊಂಡವು. ಪ್ರಮಾಣೀಕರಣವು ಎಷ್ಟು ಕಷ್ಟದಿಂದ ಸಿದ್ಧಿಸಿತೆಂಬುದು ಹಳೆಯ ಲಾರಿಯ ಸ್ಪ್ಯಾನರು ಪೆಟ್ಟಿಗೆಯನ್ನು ತೆರೆದವನಿಗೆ ಚೆನ್ನಾಗಿ ಗೊತ್ತಾಗುತ್ತದೆ.

ನಾಲ್ಕನೆಯದು ನಮ್ಮ ಊರಿನದೇ ಸಮಸ್ಯೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಸಾಂದ್ರತೆ ಕರಾವಳಿಯದರ ಹತ್ತರಲ್ಲಿ ಒಂಬತ್ತು ಪಾಲಿನಷ್ಟು. ಮಂಗಳೂರಿನಲ್ಲಿ 85 ಅಶ್ವಶಕ್ತಿ ಕೊಡುವ ಎಂಜಿನ್ನು ಇಲ್ಲಿ 77ರ ಆಸುಪಾಸಿನಲ್ಲಿರುತ್ತದೆ. ಗಾಳಿ ಕಡಿಮೆಯಾದ್ದರಿಂದ ಕಾರ್ಬೊರೇಟರಿನ ಮಿಶ್ರಣದಲ್ಲಿ ಪೆಟ್ರೋಲಿನ ಪ್ರಮಾಣ ಹೆಚ್ಚುತ್ತದೆ. ಇನ್ನೊಂದು ಕಡೆ, ನಮ್ಮ ದೇಶದ ಪೆಟ್ರೋಲಿನಲ್ಲಿ ಎಥನಾಲಿನ ಪಾಲು 2025ರಲ್ಲಿ ಶೇಕಡ 20ನ್ನು ಮುಟ್ಟಿತು. ಒಂದು ಕಿಲೋ ಪೆಟ್ರೋಲು ಪೂರ್ಣವಾಗಿ ಉರಿಯಲು 14.7 ಕಿಲೋ ಗಾಳಿ ಬೇಕು. ಎಥನಾಲಿಗೆ 9 ಕಿಲೋ. ಈ ಮಿಶ್ರ ಇಂಧನಕ್ಕೆ ಸುಮಾರು 13.5 ಕಿಲೋ. ಆದ್ದರಿಂದ ಶುದ್ಧ ಪೆಟ್ರೋಲಿಗೆಂದು ಕೊರೆದ ಹಳೆಯ ಜೆಟ್ಟಿನ ಮೂಲಕ ಹೋದಾಗ ಮಿಶ್ರಣ ತೆಳುವಾಗುತ್ತದೆ. ಎತ್ತರವು ಒಂದು ಕಡೆಗೆ, ಎಥನಾಲು ಇನ್ನೊಂದು ಕಡೆಗೆ ಎಳೆಯುತ್ತವೆ. ಗೆದ್ದದ್ದು ಯಾವುದು? ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ತುದಿಯ ಬಣ್ಣ ನೋಡಿರಿ. ಕಪ್ಪು ಮಸಿಯಿದ್ದರೆ ಇಂಧನ ಹೆಚ್ಚು, ಸುಣ್ಣದಂತೆ ಬಿಳುಪಾಗಿದ್ದರೆ ಕಡಿಮೆ, ಬಿಸ್ಕತ್ತಿನ ಬಣ್ಣವಿದ್ದರೆ ಹದ. ಇಂಥ ಪ್ರಶ್ನೆಯನ್ನು ಯಾವ ಪ್ರಶ್ನಪತ್ರಿಕೆ ಕೇಳೀತು?

ಎಲ್ಲಕ್ಕಿಂತ ಮುಖ್ಯವಾದದ್ದು ತರ್ಕದ ಪಾಠ. ಲಾರಿಗೆ ಏರು ಹತ್ತುವ ಶಕ್ತಿ ಕುಗ್ಗಿದೆ. ಒತ್ತಡಮಾಪಕವನ್ನು ಒಂದೊಂದಾಗಿ ಸಿಲಿಂಡರುಗಳಿಗೆ ಇಟ್ಟು ನೋಡಿದಾಗ ಐದರಲ್ಲಿ ಚದರ ಅಂಗುಲಕ್ಕೆ 100 ಪೌಂಡು, ಒಂದರಲ್ಲಿ 60 ಪೌಂಡು ಬಂದಿತೆನ್ನೋಣ. ಆ ಒಂದರಲ್ಲಿ ಸೋರಿಕೆಯಿದೆ, ಆದರೆ ಎಲ್ಲಿಂದ? ಪಿಸ್ಟನ್ ರಿಂಗುಗಳ ಬದಿಯಿಂದಲೋ, ವಾಲ್ವುಗಳ ಮೂಲಕವೋ? ಆ ಸಿಲಿಂಡರಿನೊಳಕ್ಕೆ ಒಂದು ಚಮಚ ಎಂಜಿನ್ ಎಣ್ಣೆಯನ್ನು ಬಿಟ್ಟು ಮತ್ತೆ ಅಳೆಯಬೇಕು. ಎಣ್ಣೆಯು ರಿಂಗುಗಳ ಸುತ್ತ ನಿಂತು ಸಂದನ್ನು ಮುಚ್ಚುತ್ತದೆ, ವಾಲ್ವನ್ನು ಮುಚ್ಚಲಾರದು. ಒತ್ತಡ ಏರಿದರೆ ದೋಷ ರಿಂಗಿನದು. ಏರದಿದ್ದರೆ ವಾಲ್ವಿನದು, ಇಲ್ಲವೆ ಹೆಡ್ಡಿನ ಗ್ಯಾಸ್ಕೆಟ್ಟಿನದು. ಎಂಜಿನ್ನನ್ನು ಬಿಚ್ಚದೆಯೇ ಅದರ ಒಳಗಿನ ಗುಟ್ಟು ತಿಳಿಯಿತು. ಉಳಿದೆಲ್ಲವನ್ನೂ ಇದ್ದಂತೆಯೇ ಇಟ್ಟು ಒಂದನ್ನು ಮಾತ್ರ ಬದಲಿಸುವುದು ಪ್ರಯೋಗವಿಜ್ಞಾನದ ಮೂಲಸೂತ್ರವಷ್ಟೆ. ಇಲ್ಲಿ ಅದು ಒಂದು ಚಮಚ ಎಣ್ಣೆಯಲ್ಲಿ ಅಡಗಿದೆ. ಈಚಿನ ವಾಹನಗಳಲ್ಲಿ ಗಣಕವೇ ದೋಷದ ಸಂಕೇತವನ್ನು ತೋರಿಸುತ್ತದೆ. ಅದು ಉಪಯುಕ್ತವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಉತ್ತರವನ್ನು ಮೊದಲೇ ನೋಡಿದ ವಿದ್ಯಾರ್ಥಿಗೆ ಲೆಕ್ಕ ಮಾಡುವ ಅಭ್ಯಾಸ ಬರುವುದಿಲ್ಲ.

ಆಕ್ಷೇಪಣೆಗಳು

ಹಳೆಯ ಲಾರಿ ಅಪಾಯಕರ ಎನ್ನುವವರ ಮಾತಿನಲ್ಲಿ ಸತ್ಯವಿದೆ. ಅವುಗಳ ನಾಲ್ಕು ಗಾಲಿಗಳ ಬ್ರೇಕಿಗೂ ಒಂದೇ ನಳಿಕೆಯ ಜಾಲ. ಎಲ್ಲಾದರೂ ಒಂದು ಕಡೆ ಸೋರಿದರೆ ಎಲ್ಲ ಬ್ರೇಕುಗಳೂ ವಿಫಲವಾಗುತ್ತವೆ. ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಅದನ್ನು ಕಾಲಕಾಲಕ್ಕೆ ಬದಲಾಯಿಸಬೇಕು. ಅದರಲ್ಲಿ ಎಂಜಿನ್ ಎಣ್ಣೆ ಬೆರೆತರೆ ರಬ್ಬರು ಬಟ್ಟಲುಗಳು ಉಬ್ಬಿ ಕೆಡುತ್ತವೆ. ಎರಡು ಹೋಳುಗಳನ್ನು ಬೋಲ್ಟಿನಿಂದ ಬಿಗಿದ ಗಾಲಿಗಳಲ್ಲಿ ಗಾಳಿಯಿರುವಾಗ ಹೋಳುಗಳ ನಟ್ಟನ್ನು ಸಡಿಲಿಸಿದರೆ ಸಿಡಿದು ಪ್ರಾಣವೇ ಹೋಗಬಹುದು; ಪೂರ್ತಿ ಗಾಳಿ ತೆಗೆಯದೆ ಅವನ್ನು ಮುಟ್ಟಲೇಕೂಡದು. ಹಳೆಯ ಬ್ರೇಕ್ ಲೈನಿಂಗುಗಳಲ್ಲಿ ಕಲ್ನಾರು ಇರುವುದರಿಂದ ಆ ಧೂಳನ್ನು ಗಾಳಿ ಊದಿ ಹಾರಿಸಬಾರದು. ಇವನ್ನೆಲ್ಲ ಬಲ್ಲ ಹಿರಿಯನೊಬ್ಬನ ಸಮಕ್ಷಮದಲ್ಲಿಯೇ ಕೆಲಸ ನಡೆಯಬೇಕು. ಆದರೆ ಅಪಾಯವಿದೆಯೆಂದು ರಸಾಯನ ಪ್ರಯೋಗಶಾಲೆಗಳನ್ನು ನಾವು ಮುಚ್ಚಿಲ್ಲ. ನಿಯಮಗಳನ್ನು ಬರೆದು ಬಾಗಿಲ ಮೇಲೆ ಹಾಕಿದ್ದೇವೆ.

ಹೊಗೆಯ ವಿಷಯವೂ ಇದೆ. ಈ ಎಂಜಿನ್ನುಗಳು ಇಂದಿನ ಮಾನದಂಡಕ್ಕೆ ಎಂದೂ ಏರಲಾರವು. ನಿತ್ಯ ಸಂಚಾರಕ್ಕೆ ಅವನ್ನು ಬಿಡಬೇಕೆಂದು ನಾವು ಹೇಳುವುದೂ ಇಲ್ಲ. ತಿಂಗಳಿಗೊಮ್ಮೆ ಅರ್ಧ ಗಂಟೆ ಓಡುವ ಲಾರಿಯಿಂದ ನಗರದ ವಾಯು ಕೆಡುವುದಿಲ್ಲ. ಆದರೆ ಆ ಅರ್ಧ ಗಂಟೆ ಅಗತ್ಯ. ನಿಂತ ಯಂತ್ರ ಓಡುವ ಯಂತ್ರಕ್ಕಿಂತ ಬೇಗ ಹಾಳಾಗುತ್ತದೆ: ರಿಂಗುಗಳು ಕಚ್ಚಿಕೊಳ್ಳುತ್ತವೆ, ಎಣ್ಣೆಯ ಪೊರೆ ಇಳಿದು ತುಕ್ಕು ಏರುತ್ತದೆ, ಎಥನಾಲು ಬೆರೆತ ಪೆಟ್ರೋಲು ತೇವ ಹೀರಿ ಟ್ಯಾಂಕಿನ ತಳದಲ್ಲಿ ನೀರು ಬೇರ್ಪಡುತ್ತದೆ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದಲ್ಲಿ ಸೀಳಿ ತೋರಿಸಿರುವ ಎಂಜಿನ್ನುಗಳು ಬಹಳ ಬೋಧಪ್ರದವಾಗಿವೆ. ಆದರೆ ಸೋರುವುದು, ಕಾಯುವುದು, ಮುಷ್ಕರ ಹೂಡುವುದು ಇವೆಲ್ಲ ಜೀವಂತ ಎಂಜಿನ್ನಿನ ಲಕ್ಷಣಗಳು.

ಕಾಯಿದೆಯ ತೊಡಕು

ಕೇಂದ್ರ ಸರ್ಕಾರವು 2021ರಲ್ಲಿ ಪುರಾತನ ವಾಹನಗಳಿಗಾಗಿ ಪ್ರತ್ಯೇಕ ನೋಂದಣಿಯ ನಿಯಮಗಳನ್ನು ಮಾಡಿತು. ಐವತ್ತು ವರ್ಷ ಮೀರಿದ, ಸ್ವಂತ ಬಳಕೆಯ, ವಾಣಿಜ್ಯೇತರವಾದ ಎರಡು ಅಥವಾ ನಾಲ್ಕು ಚಕ್ರದ ವಾಹನಗಳಿಗೆ ಈ ಸೌಲಭ್ಯವುಂಟು. ವಾಹನವು ಮೂಲ ರೂಪದಲ್ಲಿರಬೇಕು, ಗಣನೀಯವಾದ ಮಾರ್ಪಾಡಿಗೆ ಒಳಗಾಗಿರಬಾರದು ಎಂಬುದು ನಿಬಂಧನೆ. ನಿಯಮ ಸ್ವಾಗತಾರ್ಹ, ಆದರೆ ಅದರ ದೃಷ್ಟಿಯೆಲ್ಲ ಕಾರಿನ ಮೇಲಿದೆ. ಸಿರಿವಂತರು ಸವಾರಿ ಮಾಡಿದ ಕಾರಿಗೆ ಪುರಾತನದ ಮರ್ಯಾದೆ ದೊರೆಯುತ್ತದೆ. ನಾಡಿನ ಹೊರೆ ಹೊತ್ತ, ಹತ್ತು ಟೈರುಗಳ ಲಾರಿಗೆ ಅದು ಇಲ್ಲ. ಸರಕು ವಾಹನವೆಂದೇ ಉಳಿದರೆ, ದುಡಿಯುವ ಹೊಸ ಲಾರಿಗಳಿಗೆಂದು ಮಾಡಿದ ಅರ್ಹತಾ ಪರೀಕ್ಷೆಯನ್ನು ಅದು ವರ್ಷವರ್ಷವೂ ಎದುರಿಸಬೇಕು.

‘ಮೂಲ ರೂಪ’ ಎಂಬ ಮಾತೂ ವಿಚಾರಾರ್ಹ. ನಮ್ಮ ದೇಶದಲ್ಲಿ ಹಳೆಯ ಲಾರಿಗಳು ಬದುಕಿದ್ದೇ ಮಾರ್ಪಾಡಿನಿಂದ. 1950ರ ದಶಕದಲ್ಲಿ ಪೆಟ್ರೋಲಿನ ಖರ್ಚು ತಾಳಲಾರದೆ ಅನೇಕ ಮಾಲೀಕರು ಷೆವ್ರೊಲೆ, ಫೋರ್ಡ್, ಡಾಡ್ಜ್ ಲಾರಿಗಳ ಎಂಜಿನ್ನು ಇಳಿಸಿ, ಪರ್ಕಿನ್ಸ್ ಪಿ-6 ಡೀಸೆಲ್ ಎಂಜಿನ್ನನ್ನು ಕೂರಿಸಿದರು. ಮದ್ರಾಸಿನ ಸಿಂಪ್ಸನ್ ಸಂಸ್ಥೆಯು ಆ ಎಂಜಿನ್ನನ್ನು ಇಲ್ಲಿಯೇ ತಯಾರಿಸಿತು. ಇಂಥ ಲಾರಿ ಅಪ್ಪಟವಲ್ಲವೆಂದು ತಳ್ಳಿಹಾಕಿದರೆ ಅದರ ಚರಿತ್ರೆಯ ಅರ್ಧವನ್ನೇ ತಳ್ಳಿದಂತಾಯಿತು. ನಮ್ಮ ದೇವಸ್ಥಾನಗಳ ತೇರನ್ನು ನೋಡಿರಿ. ಚಕ್ರ ಸವೆದರೆ ಹೊಸ ಚಕ್ರ, ಅಚ್ಚು ಮುರಿದರೆ ಹೊಸ ಅಚ್ಚು. ಆದರೂ ಅದು ಅದೇ ತೇರು. ಏಕೆಂದರೆ ಅದನ್ನು ಎಳೆಯುವ ಕೆಲಸವೂ ಕಟ್ಟುವ ವಿದ್ಯೆಯೂ ಕಡಿದುಹೋಗಿಲ್ಲ. ಲಾರಿಗೂ ಇದೇ ನ್ಯಾಯ ಸಲ್ಲಬೇಕು.

ನಮ್ಮ ಸೂಚನೆಗಳು

ಮೊದಲನೆಯದಾಗಿ, ಪುರಾತನ ವಾಹನಗಳ ನಿಯಮವು ಲಾರಿ, ಬಸ್ಸು, ಸೇನಾ ವಾಹನಗಳಿಗೂ ವಿಸ್ತರಿಸಬೇಕು. ಮೂಲ ರೂಪದ ಕಟ್ಟುಪಾಡಿಗೆ ಬದಲಾಗಿ ದುರಸ್ತಿಯ ದಿನಚರಿಯನ್ನು ಕಡ್ಡಾಯ ಮಾಡಲಿ: ಯಾವ ವರ್ಷ ಯಾವ ಭಾಗ ಬದಲಾಯಿತು, ಏಕೆ, ಯಾವ ಲೋಹದಿಂದ ಮಾಡಿದ್ದು ಎಂಬುದೆಲ್ಲ ಅದರಲ್ಲಿರಲಿ. ಬ್ರೇಕು ಮತ್ತು ಸ್ಟೀರಿಂಗಿನ ತಪಾಸಣೆಯಲ್ಲಿ ಮಾತ್ರ ಯಾವ ರಿಯಾಯಿತಿಯೂ ಬೇಡ.

ಎರಡನೆಯದಾಗಿ, ಬಸವನಗುಡಿಯ ಬಿ.ಎಂ.ಎಸ್. ಎಂಜಿನಿಯರಿಂಗ್ ಕಾಲೇಜು ಸ್ಥಾಪಿತವಾದದ್ದು 1946ರಲ್ಲಿ, ಹೆಚ್ಚುವರಿ ಸಾಮಗ್ರಿಯ ಒಪ್ಪಂದವಾದ ವರ್ಷದಲ್ಲಿಯೇ. ಅಂಥ ಕಾಲೇಜುಗಳೂ ಕೈಗಾರಿಕಾ ತರಬೇತಿ ಸಂಸ್ಥೆಗಳೂ ಸೈನ್ಯ ಹರಾಜಿಗಿಡುವ ವಾಹನಗಳಲ್ಲಿ ಒಂದೊಂದನ್ನು ತಂದಿಟ್ಟುಕೊಳ್ಳಲಿ. ಮೊದಲ ವರ್ಷದ ವಿದ್ಯಾರ್ಥಿಗಳು ಅದನ್ನು ಕೊನೆಯ ವರ್ಷದವರಿಂದ ಓಡುವ ಸ್ಥಿತಿಯಲ್ಲಿ ಪಡೆದು, ತಾವು ಹೊರಡುವಾಗ ಓಡುವ ಸ್ಥಿತಿಯಲ್ಲಿಯೇ ಒಪ್ಪಿಸಲಿ. ಇದಕ್ಕಿಂತ ನಿಷ್ಪಕ್ಷಪಾತವಾದ ಪರೀಕ್ಷಕನಿಲ್ಲ. ಲಾರಿಗೆ ಶಿಫಾರಸು ನಡೆಯುವುದಿಲ್ಲ.

ಮೂರನೆಯದು, ಎಲ್ಲಕ್ಕಿಂತ ತುರ್ತಾದದ್ದು. ಬ್ಯಾಬಿಟ್ ಹೊಯ್ಯುವ ಹದ, ಸದ್ದು ಕೇಳಿಯೇ ಗೇರಿನ ಹಲ್ಲು ಸವೆದಿದೆಯೆಂದು ಹೇಳುವ ಕಿವಿ, ಸ್ಪ್ರಿಂಗ್ ಪಟ್ಟಿಗೆ ಮತ್ತೆ ಕಮಾನು ಕೊಡುವ ಕೈಚಳಕ, ಇವು ಪುಸ್ತಕಗಳಲ್ಲಿಲ್ಲ. ಕೆಲವೇ ಹಿರಿಯರ ಕೈಯಲ್ಲಿವೆ. ಲಾರಿ ಗುಜರಿಗೆ ಹೋದರೆ ಇನ್ನೊಂದು ಲಾರಿ ಸಿಕ್ಕೀತು. ಕೈ ಹೋದರೆ ವಿದ್ಯೆಯೇ ಹೋಯಿತು. ಕಾಲೇಜುಗಳು ಇವರನ್ನು ಗೌರವಧನ ಕೊಟ್ಟು ಬರಮಾಡಿಕೊಂಡು ಬೋಧಕರ ಸಾಲಿನಲ್ಲಿ ಕೂರಿಸಬೇಕು. ಅವರು ಹೇಳುವುದನ್ನು ಅವರದೇ ಮಾತಿನಲ್ಲಿ, ಕನ್ನಡದಲ್ಲಿ, ಚಿತ್ರಸಮೇತ ಬರೆದಿಡುವ ಕೆಲಸಕ್ಕೆ ಸರ್ಕಾರದ ಅಪ್ಪಣೆಯೂ ಬೇಕಿಲ್ಲ, ಹಣವೂ ಬೇಕಿಲ್ಲ. ಒಂದು ನೋಟುಪುಸ್ತಕ, ಒಂದು ಪೆನ್ಸಿಲು, ಶನಿವಾರದ ಒಂದು ಮಧ್ಯಾಹ್ನ ಸಾಕು. ನ್ಯಾಷನಲ್ ಕಾಲೇಜಿನಿಂದ ಕಲಾಸಿಪಾಳ್ಯಕ್ಕೆ ನಡೆದೇ ಹೋಗಬಹುದು. ನಮ್ಮ ತರುಣ ವಾಚಕರಲ್ಲಿ ಕೆಲವರಾದರೂ ಈ ತಿಂಗಳಲ್ಲಿಯೇ ಆ ಹಾದಿ ಹಿಡಿದಾರೆಂದು ನಾವು ನಂಬಿದ್ದೇವೆ.